ಹುಲ್ಟ್ಷ್ ಕಾಣದೆ ಹೋದ ಬಂಡೆ

ಆದವಾನಿಯ ನಮ್ಮ ಮನೆಯ ಹಳೆಯ ಕಾಗದಪತ್ರಗಳಲ್ಲಿ ಊರಿನ ಹೆಸರಿನ ಜೊತೆಗೆ ‘ಬಳ್ಳಾರಿ ಜಿಲ್ಲೆ’ ಎಂದೇ ಬರೆದಿದೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು ತಾಲ್ಲೂಕುಗಳು ಕರ್ನೂಲು ಜಿಲ್ಲೆಗೆ ಸೇರಿದವು. ಕಾಸರಗೋಡಿನವರಿಗೆ 1956ರಲ್ಲಿ ಆದದ್ದು ನಮಗೆ ಮೂರು ವರ್ಷ ಮೊದಲೇ ಆಗಿತ್ತು. ಹೀಗಾಗಿ ಯಾವ ಹಳೆಯ ಕಲ್ಲನ್ನು ಕಂಡರೂ ‘ಇದು ಯಾರದು?’ ಎಂದು ಕೇಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ‘ಇದರಲ್ಲಿ ಏನಿದೆ?’ ಎಂದು ಮೊದಲು ಕೇಳಬೇಕೆಂಬುದನ್ನು ನಾನು ಕಲಿತದ್ದು ಜರ್ಮನ್ ವಿದ್ವಾಂಸ ಯೂಜೆನ್ ಹುಲ್ಟ್ಷ್ ಅವರ ಬರಹಗಳಿಂದ.

ಹುಲ್ಟ್ಷ್ ಹುಟ್ಟಿದ್ದು 1857ರಲ್ಲಿ, ಡ್ರೆಸ್ಡೆನ್ ನಗರದಲ್ಲಿ. 1886ರಲ್ಲಿ ಮದರಾಸು ಸರಕಾರದ ಶಾಸನತಜ್ಞರಾಗಿ ಬಂದರು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆಯುವ ಕೆಲಸ ಅವರ ಕಾಲದಲ್ಲಿ ಊರೂರಿಗೆ ಹಬ್ಬಿತು. 1890ರಲ್ಲಿ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಮೊದಲ ಸಂಪುಟ ಹೊರಬಂತು. ವಿ. ವೆಂಕಯ್ಯ, ಎಚ್. ಕೃಷ್ಣಶಾಸ್ತ್ರಿ ಅವರಂಥ ನಮ್ಮ ವಿದ್ವಾಂಸರು ಅವರ ಕೈಕೆಳಗೆ ಪಳಗಿದರು. 1903ರಲ್ಲಿ ಅವರು ಹಾಲೆ ವಿಶ್ವವಿದ್ಯಾಲಯಕ್ಕೆ ಸಂಸ್ಕೃತ ಪ್ರಾಧ್ಯಾಪಕರಾಗಿ ಮರಳಿದರು.

ಮರಳಿದ ಮರುವರ್ಷವೇ ಅವರು ಒಂದು ಸೋಜಿಗದ ಲೇಖನ ಬರೆದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ ಅರ್ಥವಾಗದ ಮಾತು ಕನ್ನಡವೆಂಬುದು ಅವರ ವಾದ. ಎಲ್ಲರೂ ಅದನ್ನು ಒಪ್ಪಲಿಲ್ಲ. ಆದರೆ ನಿಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಅದೇ ಪ್ರಹಸನದ ಕನ್ನಡವನ್ನು ಕುರಿತು ಬರೆದರೆಂಬುದನ್ನು ನೆನೆದರೆ, ಹಾಲೆ ನಗರ ಅಷ್ಟೇನೂ ದೂರವೆನಿಸುವುದಿಲ್ಲ.

ಅವರ ಕೊನೆಯ ದೊಡ್ಡ ಕೆಲಸ ಅಶೋಕನ ಶಾಸನಗಳ ಸಂಪುಟ, 1925ರಲ್ಲಿ ಪ್ರಕಟವಾಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ, ಸುವರ್ಣಗಿರಿಯಿಂದ ಆರ್ಯಪುತ್ರನು ಕಳಿಸಿದ ಆಜ್ಞೆಯೆಂದು ಆರಂಭವಾಗುತ್ತದೆ. ಆ ಸುವರ್ಣಗಿರಿ ಎಲ್ಲಿ? 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತ್ತು. ಹುಲ್ಟ್ಷ್ ಮಸ್ಕಿಯ ದಕ್ಷಿಣಕ್ಕಿರುವ ಕನಕಗಿರಿಯತ್ತ ಬೆರಳು ತೋರಿಸಿದರು. 1927ರಲ್ಲಿ ತೀರಿಕೊಂಡರು.

ಎರಡೇ ವರ್ಷ ಕಳೆದು, 1929ರಲ್ಲಿ, ನಮ್ಮ ಸೀಮೆಯ ಪತ್ತಿಕೊಂಡದ ಕಡೆ, ಎರ್ರಗುಡಿಯ ಬಂಡೆಗಳ ಮೇಲೆ ಭೂವಿಜ್ಞಾನಿ ಅನು ಘೋಷ್ ಅವರಿಗೆ ಬ್ರಾಹ್ಮಿ ಅಕ್ಷರಗಳು ಕಂಡವು. ಹದಿನಾಲ್ಕು ಪ್ರಧಾನ ಶಾಸನಗಳೂ ಎರಡು ಕಿರುಶಾಸನಗಳೂ ಒಂದೇ ಕಡೆ! ಕಿರುಶಾಸನದ ಕೆಲವು ಸಾಲುಗಳು ಬಲದಿಂದ ಎಡಕ್ಕೆ ಓಡುತ್ತವೆ. ಹತ್ತಿರದ ಜೊನ್ನಗಿರಿಯೇ ಸುವರ್ಣಗಿರಿ ಎಂದು ಹಲವರು ಈಗ ಹೇಳುತ್ತಾರೆ. ಜೀವಮಾನವೆಲ್ಲ ಹುಡುಕಿದವರಿಗೆ ಆ ಬಂಡೆಯ ಒಂದು ಅಕ್ಷರವೂ ಕಾಣಸಿಗಲಿಲ್ಲ.

ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. “ತಾತಾ, ಇದು ತೆಲುಗೋ ಕನ್ನಡವೋ?” ಎಂದು ಕೇಳಿದಳು. ಎರಡೂ ಅಲ್ಲ, ಪ್ರಾಕೃತ ಎಂದೆ. “ಹಾಗಾದರೆ ನಮ್ಮದಲ್ಲವಾ?” ಎಂದಳು. ಆಕೆಗೆ ಉತ್ತರ ಹೇಳುವ ಮೊದಲು ಡ್ರೆಸ್ಡೆನ್ನಿನವರೊಬ್ಬರು ತಮಿಳು, ತೆಲುಗು, ಕನ್ನಡ ಕಲ್ಲುಗಳನ್ನು ಒಂದೇ ಶ್ರದ್ಧೆಯಿಂದ ಓದಿದ್ದು ನೆನಪಾಯಿತು. “ಓದಲು ಕಲಿತರೆ ನಮ್ಮದೂ ಹೌದು” ಎಂದೆ.

ನಮ್ಮೂರ ಗುಡಿಗಳ ಕನ್ನಡ ಶಾಸನಗಳನ್ನೂ ಓದಬಲ್ಲ ಮಕ್ಕಳು ಈಗ ವಿರಳ. ಸುಣ್ಣ ಬಳಿದ ಕಲ್ಲುಗಳು ಸುಮ್ಮನೆ ನಿಂತಿವೆ. ನಿಮ್ಮ ಕಡೆಯೂ ಹೀಗೇ ಇರಬಹುದು. ಗಡಿ ಎಲ್ಲಿ ಬಿದ್ದಿತೆಂಬುದು ನಮ್ಮ ಕೈಯಲ್ಲಿರಲಿಲ್ಲ. ಮಕ್ಕಳಿಗೆ ಅಕ್ಷರ ಕಲಿಸುವುದು ನಮ್ಮ ಕೈಯಲ್ಲೇ ಇದೆ.