ದನಿ ನಡೆದ ದಾರಿ

ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದೇ ಶಾಲೆಯ ಮಕ್ಕಳು ತಿಳಿದಿರುತ್ತಾರೆ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ ಎಂದರೆ ಬರೆದುಕೊಳ್ಳುತ್ತಾರೆ, ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ ಎಂದರೂ ಬರೆದುಕೊಳ್ಳುತ್ತಾರೆ. ದೂರದಲ್ಲಿರುವವರ ದನಿ ನಮ್ಮ ಮನೆಗೆ ಯಾವ ದಾರಿಯಲ್ಲಿ ಬಂತು, ದಾರಿಯಲ್ಲಿ ಎಲ್ಲೆಲ್ಲಿ ಮುರಿಯಿತು ಎಂಬುದಕ್ಕೂ ಒಂದು ಇತಿಹಾಸವಿದೆ ಎಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ನಮ್ಮ ಸೀಮೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಮುಂಬಯಿಯ ಹೋಟೆಲಿನಲ್ಲಿ, ಮೈದುನ ಕೊಲ್ಲಿ ದೇಶದಲ್ಲಿ, ಮಗಳು ಬೆಂಗಳೂರಿನಲ್ಲಿ. ಹೀಗೆ ಕಿವಿಯಲ್ಲೇ ಸಂಸಾರ ಮಾಡಿದ ಮನೆಗಳು ಉಡುಪಿ, ಕಾಪು, ಕಾರ್ಕಳಗಳಲ್ಲಿ ಎಷ್ಟಿಲ್ಲ?

ಗ್ರಹಾಂ ಬೆಲ್ 1876ರ ಮಾರ್ಚ್‌ನಲ್ಲಿ ಇನ್ನೊಂದು ಕೋಣೆಯಲ್ಲಿದ್ದ ಸಹಾಯಕನನ್ನು ತಂತಿಯ ಮೂಲಕ ಕರೆದ ಕಥೆ ಎಲ್ಲರಿಗೂ ಗೊತ್ತು. ಆರೇ ವರ್ಷಗಳಲ್ಲಿ, 1882ರಲ್ಲಿ, ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ಕೇಂದ್ರಗಳು ತೆರೆದವು. ಆದರೆ ಊರಿಂದೂರಿಗೆ ಮಾತಾಡುವುದು ಬಹುಕಾಲ ದೊಡ್ಡ ಸಾಹಸವೇ ಆಗಿತ್ತು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು; ಅವಸರವಿದ್ದರೆ ಅರ್ಜೆಂಟ್, ಸಾವುನೋವಿನ ಸುದ್ದಿಯಾದರೆ ಹಲವು ಪಟ್ಟು ಹಣ ತೆತ್ತು ಲೈಟ್ನಿಂಗ್. ಮೂರು ಮೂರು ನಿಮಿಷದ ಲೆಕ್ಕ. ಅದರಲ್ಲಿ ಎರಡು ನಿಮಿಷ 'ಕೇಳ್ತದಾ?' ಎಂದು ಕೂಗುವುದರಲ್ಲೇ ಮುಗಿಯುತ್ತಿತ್ತು. ತಂತಿಯಾದರೂ ದನಿಯನ್ನು ಇಡಿಯಾಗಿ ಒಯ್ಯುತ್ತಿರಲಿಲ್ಲ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳಿಗೆ ಮಾತ್ರ ಅಲ್ಲಿ ದಾರಿ. ಸಕಾರ, ಶಕಾರ, ಫಕಾರಗಳನ್ನು ಬೇರ್ಪಡಿಸುವ ಸೂಕ್ಷ್ಮ ಕಂಪನಗಳು ಅದಕ್ಕೂ ಮೇಲಿರುತ್ತವೆ. ಹೆಸರುಗಳನ್ನು ಬಿಡಿಬಿಡಿಯಾಗಿ, ಒತ್ತಿ ಒತ್ತಿ ಹೇಳುವ ನಮ್ಮ ಹಿರಿಯರ ರೂಢಿ ಹಳ್ಳಿಯವರ ಮುಗ್ಧತೆಯಲ್ಲ, ಅನುಭವದಿಂದ ಕಲಿತ ಉಪಾಯ.

1960ರಲ್ಲಿ ಲಕ್ನೋ ಮತ್ತು ಕಾನ್ಪುರಗಳ ನಡುವೆ ಆಪರೇಟರಿಲ್ಲದ ನೇರ ಕರೆ, ಅಂದರೆ ಎಸ್.ಟಿ.ಡಿ., ಮೊದಲಾಯಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣವಿಲ್ಲದೆ ನಮ್ಮ ಸೆಕೆ ಧೂಳುಗಳಲ್ಲಿ ನಡೆಯುವ 128 ಲೈನುಗಳ ಗ್ರಾಮೀಣ ಕೇಂದ್ರವನ್ನು ರೂಪಿಸಿತು. ಅಂಥ ಮೊದಲ ಕೇಂದ್ರ 1986ರಲ್ಲಿ ಸ್ಥಾಪನೆಯಾದದ್ದು ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಆಮೇಲೆ ಬೀದಿ ಬೀದಿಗೆ ಹಳದಿ ಫಲಕದ ಬೂತುಗಳು ಬಂದವು. ರಾತ್ರಿ ಏರಿದಂತೆ ದರ ಇಳಿಯುತ್ತಿದ್ದುದರಿಂದ ಊಟ ಮುಗಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತವರು ನಮ್ಮಲ್ಲಿ ಕಡಿಮೆಯೇ?

ವಿದೇಶದ ಕರೆಯ ಕಷ್ಟವೇ ಬೇರೆ. ಉಪಗ್ರಹದ ಮೂಲಕ ಹೊರದೇಶಗಳೊಡನೆ ಮಾತಾಡಲು ಪುಣೆಯ ಸಮೀಪದ ಆರ್ವಿಯಲ್ಲಿ 1971ರಲ್ಲಿ ಭೂಕೇಂದ್ರ ಆರಂಭವಾಯಿತು. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ದನಿ ಅಲ್ಲಿಗೆ ಏರಿ ಇಳಿಯಲು ಕಾಲು ಸೆಕೆಂಡು, ಉತ್ತರ ಮರಳಲು ಇನ್ನೊಂದು ಕಾಲು ಸೆಕೆಂಡು. ಅರ್ಧ ಸೆಕೆಂಡು ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು, ನಿಜ. ಆದರೆ 'ಈ ಸಲ ರಜೆಗೆ ಬರ್ತೀರಲ್ಲ?' ಎಂದು ಕೇಳಿದ ಹೆಂಡತಿಗೆ ಆ ಅರ್ಧ ಸೆಕೆಂಡಿನ ಮೌನ ಏನೇನು ಹೇಳಿರಬೇಡ! ಮೌನ ಗಂಡನದಲ್ಲ, ಆಕಾಶದ್ದು. ಇದನ್ನು ಆಕೆಗೆ ಹೇಳುವವರು ಯಾರು? ದಾರಿಯ ದೋಷ ಮನುಷ್ಯರ ತಲೆಗೆ ಬೀಳುವುದು ಹೀಗೆ.

ಇಂದಿನ ಕರೆಗಳ ದಾರಿ ಇನ್ನೂ ವಿಚಿತ್ರವಾದದ್ದು. ಈಗ ದನಿ ಒಂದೇ ತಂತಿಯಲ್ಲಿ ಹೊಳೆಯಂತೆ ಹರಿಯುವುದಿಲ್ಲ. ಅದನ್ನು ಕತ್ತರಿಸಿ, ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಇಂಟರ್ನೆಟ್ಟಿಗೆ ಎಸೆಯುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಡ್ಯಾನಿ ಕೊಹೆನ್ ಮತ್ತು ಸಂಗಡಿಗರು ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ ಜಾಲದಲ್ಲಿ ಹೀಗೆ ದನಿಯನ್ನು ಕಳಿಸಿದರು. ಆಗ ಅವರಿಗೆ ಹೊಳೆದ ಸತ್ಯ ಬಹಳ ಸರಳ. ಕಾಗದದ ಒಂದು ಪುಟ ಕಳೆದುಹೋದರೆ ಮತ್ತೆ ತರಿಸಿಕೊಳ್ಳಬೇಕು, ತಡವಾದರೂ ಚಿಂತೆಯಿಲ್ಲ. ಮಾತಿನ ಒಂದು ಚೂರು ಕಳೆದರೆ ಅದನ್ನು ಬಿಟ್ಟು ಮುಂದೆ ಹೋಗಬೇಕು. ಅದಕ್ಕಾಗಿ ಕಾದರೆ ಮುಂದಿನ ಮಾತೆಲ್ಲ ಹಿಂದೆ ಬೀಳುತ್ತದೆ. ಕೊಹೆನ್‌ರಂಥವರ ಒತ್ತಾಯದಿಂದಾಗಿ 1978ರ ಹೊತ್ತಿಗೆ, ಕಳೆದುದನ್ನು ಹುಡುಕಿ ತರುವ ಟಿ.ಸಿ.ಪಿ. ಎಂಬ ಕ್ರಮದಿಂದ ಸಾಗಣೆಯ ಕೆಲಸವನ್ನು ಬೇರ್ಪಡಿಸಿದರು. ಕಾಯದೆ ಮುಂದೆ ಸಾಗುವ ಯು.ಡಿ.ಪಿ. ಎಂಬ ಇನ್ನೊಂದು ಕ್ರಮಕ್ಕೆ ಹೀಗೆ ಎಡೆಯಾಯಿತು. ತಡವಾಗಿ ಬಂದ ಮಾತಿಗಿಂತ ಬಾರದ ಮಾತೇ ಮೇಲು ಎಂಬುದು ಯಂತ್ರಗಳ ಲೋಕದಲ್ಲೂ ನಿಜವಾಯಿತು ನೋಡಿ. ನಮ್ಮ ದೇಶದಲ್ಲಿ ಇಂಟರ್ನೆಟ್ ಮೂಲಕ ದೂರವಾಣಿಗೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್‌ನಲ್ಲಿ.

ಇನ್ನು ವಿ.ಪಿ.ಎನ್. ಕಚೇರಿಯ ಗುಟ್ಟುಗಳು ದಾರಿಯಲ್ಲಿ ಸೋರಬಾರದೆಂದು ಮನೆಯ ಕಂಪ್ಯೂಟರಿನಿಂದ ಕಚೇರಿಯವರೆಗೆ ಒಂದು ಮುಚ್ಚಿದ ಸುರಂಗ ಹಾಕುತ್ತಾರೆ. ಎಲ್ಲವೂ ಆ ಸುರಂಗದೊಳಗೇ ಹೋಗಿ ಬರಬೇಕು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಊರಿಗೆ ಮರಳಿದ ನಮ್ಮ ಮಕ್ಕಳೆಲ್ಲ ಈ ಸುರಂಗದ ಬಾಯಲ್ಲಿ ಕುಳಿತರು. ಅದುವರೆಗೆ ಹೊರಗುತ್ತಿಗೆ ಕಚೇರಿಗಳ ನೌಕರರು ಮನೆಯಿಂದ ಕೆಲಸ ಮಾಡಲು ದೂರಸಂಪರ್ಕ ಇಲಾಖೆಯ ಕಟ್ಟುಪಾಡುಗಳಿದ್ದವು. ಆ ಮಾರ್ಚ್‌ನಲ್ಲಿ ಅವನ್ನು ಸಡಿಲಿಸಿ, ನವೆಂಬರಿನಲ್ಲಿ ಬಹುಪಾಲು ತೆಗೆದೇ ಹಾಕಿದರು. ಉಡುಪಿಯಲ್ಲೇ 1996ರಲ್ಲಿ ರೋಬೋಸಾಫ್ಟ್‌ನಂಥ ಸಾಫ್ಟ್‌ವೇರ್ ಸಂಸ್ಥೆ ಹುಟ್ಟಿತ್ತು, ಮಣಿಪಾಲದಲ್ಲಿ ಇಂಜಿನಿಯರಿಂಗ್ ಕಾಲೇಜಿತ್ತು, ಆ ಮಾತು ಬೇರೆ. ಆದರೆ ಅಡಿಕೆ ತೋಟದ ನಡುವಿನ ಮನೆಯ ಜಗಲಿಯೂ ಕಚೇರಿಯಾದೀತೆಂದು ಯಾರು ಎಣಿಸಿದ್ದರು?

ನನ್ನ ತಂಗಿಯ ಮಗಳು ಕಾರ್ಕಳದ ಸಮೀಪದ ಹಳ್ಳಿಗೆ ಸೊಸೆಯಾಗಿ ಹೋದವಳು. ಮಾವ ಹಾಸಿಗೆ ಹಿಡಿದಿದ್ದರಿಂದ ಲಾಕ್‌ಡೌನ್ ಮುಗಿದ ಮೇಲೂ ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದಿದ್ದಳು. ಕೆಲವು ತಿಂಗಳ ಮೇಲೆ ಕಚೇರಿಯಿಂದ ಕಾಗದ ಬಂತು: ಮಾತಿನಲ್ಲಿ ಸ್ಪಷ್ಟತೆ ಇಲ್ಲ, ಉತ್ತರಿಸಲು ಹಿಂಜರಿಯುತ್ತೀರಿ, ಸುಧಾರಿಸದಿದ್ದರೆ ಬೆಂಗಳೂರಿಗೆ ಬರಬೇಕು. ಹೋಗುವಂತಿಲ್ಲ, ಬಿಡುವಂತಿಲ್ಲ. ಚಿಕ್ಕಂದಿನಲ್ಲಿ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತಂದ ಹುಡುಗಿ, 'ದೊಡ್ಡಮ್ಮ, ನನಗೆ ಮಾತಾಡ್ಲಿಕ್ಕೆ ಬರುದಿಲ್ವಾ?' ಎಂದು ಕೇಳಿದಾಗ ನನಗೆ ಹಳೆಯ ಟ್ರಂಕ್ ಕಾಲ್‌ಗಳೇ ನೆನಪಾದವು.

ಇತಿಹಾಸ ಕಲಿಸುವವಳಿಗೆ ಗೊತ್ತಿರುವ ಮದ್ದು ಒಂದೇ, ದಾಖಲೆ. ಒಂದು ನೋಟ್‌ಬುಕ್ ತೆಗೆದು ಎರಡು ವಾರ ಬರೆದಿಡು ಎಂದೆ. ಯಾವ ಹೊತ್ತು, ಯಾರ ಕರೆ, ನಿನ್ನ ದನಿ ಅವರಿಗೆ ಮುರಿಯಿತೋ ಅವರ ದನಿ ನಿನಗೋ, ವಿ.ಪಿ.ಎನ್. ಇತ್ತೋ ಇಲ್ಲವೋ, ಮನೆಯಲ್ಲಿ ಬೇರೆ ಯಾರು ಇಂಟರ್ನೆಟ್ ಬಳಸುತ್ತಿದ್ದರು. ಮಣಿಪಾಲದಲ್ಲಿ ಓದಿ ಅಲ್ಲೇ ನೆಲೆಸಿದ ಅವಳ ಗೆಳತಿಯೊಬ್ಬಳು ಒಂದು ಭಾನುವಾರ ಆ ಪುಸ್ತಕ ಮುಂದಿಟ್ಟುಕೊಂಡು ಕೂತಳು. ಅವಳು ಮಾಡಿದ್ದು ಮಂತ್ರವಲ್ಲ, ಒಂದೊಂದನ್ನೇ ಬೇರೆ ಮಾಡಿ ನೋಡುವ ಕೆಲಸ.

ಮೊದಲು ಲ್ಯಾಪ್‌ಟಾಪನ್ನು ವೈಫೈ ಬಿಟ್ಟು ತಂತಿಯಲ್ಲೇ ಜೋಡಿಸಿದಳು. ಮುರಿತ ಅರ್ಧಕ್ಕರ್ಧ ಕಡಿಮೆಯಾಯಿತು. ವೈಫೈ ಪೆಟ್ಟಿಗೆ ಇದ್ದುದು ಚಾವಡಿಯಲ್ಲಿ, ಹುಡುಗಿ ಕೂರುತ್ತಿದ್ದುದು ಒಳಕೋಣೆಯಲ್ಲಿ. ನಡುವೆ ಎರಡು ಮುರಕಲ್ಲಿನ ಗೋಡೆ. ಸಂಜೆ ಏಳರ ಮೇಲಿನ ಕರೆಗಳಲ್ಲಿ ಮುರಿಯುತ್ತಿದ್ದುದು ಅವಳ ದನಿ ಮಾತ್ರ ಎಂದು ಪುಸ್ತಕ ಹೇಳುತ್ತಿತ್ತು. ನಮ್ಮ ದನಿ ಅವರಿಗೆ ಮುರಿದರೆ ಮೊದಲು ಅನುಮಾನಿಸಬೇಕಾದದ್ದು ನಮ್ಮಿಂದ ಹೊರಗೆ ಹೋಗುವ ದಾರಿಯನ್ನು. ಆ ಹೊತ್ತಿಗೇ ಮೈದುನನ ಮೊಬೈಲು ದಿನದ ಫೋಟೋ ವಿಡಿಯೋಗಳನ್ನೆಲ್ಲ ತಾನಾಗಿ ಮೇಲಕ್ಕೆ ಕಳಿಸುತ್ತಿತ್ತು. ಆ ಭಾರವಾದ ಗಾಡಿಗಳ ಹಿಂದೆ ಪಾಪ, ದನಿಯ ಪೊಟ್ಟಣಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಅದನ್ನು ನಡುರಾತ್ರಿಗೆ ತಳ್ಳಿದರು.

ಇಷ್ಟಾದ ಮೇಲೂ ವಿ.ಪಿ.ಎನ್. ಹಾಕಿದೊಡನೆ ಮಾತು ತಡೆದು ತಡೆದು ಬರುತ್ತಿತ್ತು, ತೆಗೆದರೆ ಸರಾಗ. ಈ ದೋಷ ಮನೆಯದಲ್ಲ, ಸುರಂಗದ್ದು. ವಿಚಾರಿಸಿದಾಗ ತಿಳಿಯಿತು, ಅವಳ ಸುರಂಗದ ಇನ್ನೊಂದು ಬಾಯಿ ಇದ್ದುದು ಅಮೆರಿಕದಲ್ಲಿ! ಕಾರ್ಕಳದವಳು ಬೆಂಗಳೂರಿನವರೊಡನೆ ಆಡಿದ ಮಾತು ಸಮುದ್ರ ದಾಟಿ ಅಮೆರಿಕಕ್ಕೆ ಹೋಗಿ ಮರಳುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡಿದರೂ ಈ ಪ್ರಯಾಣಕ್ಕೆ ಸೆಕೆಂಡಿನ ಐದನೇ ಒಂದು ಪಾಲಾದರೂ ಬೇಕು, ಅಂದರೆ 200 ಮಿಲಿಸೆಕೆಂಡು. ಮಾತುಕತೆ ಸರಾಗವಾಗಿರಬೇಕಾದರೆ ಒಂದು ಕಡೆಯ ಪ್ರಯಾಣ 150 ಮಿಲಿಸೆಕೆಂಡಿನೊಳಗಿರಬೇಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಸಾಲದೆಂಬಂತೆ ಆ ಸುರಂಗ ನಡೆಯುತ್ತಿದ್ದುದು ಕಳೆದುದಕ್ಕಾಗಿ ಕಾಯುವ ಟಿ.ಸಿ.ಪಿ. ಕ್ರಮದಲ್ಲಿ. 1978ರಲ್ಲಿ ಬಿಡಿಸಿದ ಗಂಟನ್ನು ಇಲ್ಲಿ ಮತ್ತೆ ಹಾಕಿದ್ದರು.

ನೋಟ್‌ಬುಕ್ಕಿನ ಪುಟಗಳನ್ನು ಕಚೇರಿಗೆ ಕಳಿಸಿದಳು. ಮೊದಲ ಕಾಗದಕ್ಕೆ ಉತ್ತರವಿಲ್ಲ, ಎರಡನೆಯದಕ್ಕೆ ಬಂತು. ಸುರಂಗದ ಬಾಯನ್ನು ಬೆಂಗಳೂರಿಗೆ ಬದಲಿಸಿದರು, ಯು.ಡಿ.ಪಿ. ಕ್ರಮಕ್ಕೆ ತಂದರು. ದನಿಯ ಕರೆಗಳಿಗೆ ತಮ್ಮದೇ ಗುಪ್ತಲಿಪಿಯ ರಕ್ಷಣೆ ಇದ್ದುದರಿಂದ ಅವನ್ನು ಸುರಂಗದ ಹೊರಗೇ ಬಿಡಲು ಒಪ್ಪಿದರು. ಈ ಕೊನೆಯದನ್ನು ಕಚೇರಿಯವರೇ ಮಾಡಬೇಕು, ನಾವಾಗಿ ವಿ.ಪಿ.ಎನ್. ತೆಗೆದು ಕೆಲಸ ಮಾಡುವುದು ತಪ್ಪು ಎಂದು ಆ ಗೆಳತಿ ಒತ್ತಿ ಹೇಳಿದಳು. ಹುಡುಗಿಯ ಮಾತು ಸ್ಪಷ್ಟವಾಯಿತು. 'ಈಗ ಸುಧಾರಿಸಿದ್ದೀರಿ' ಎಂದು ಮೇಲಧಿಕಾರಿ ಬರೆದರಂತೆ. ಸುಧಾರಿಸಿದ್ದು ದಾರಿ, ಹೊಗಳಿಕೆಯೂ ಬೈಗುಳದ ಹಾಗೆಯೇ ತಪ್ಪು ವಿಳಾಸಕ್ಕೆ ಬಂತು!

ಇದು ಒಬ್ಬ ಅಧಿಕಾರಿಯ ದೋಷವೆಂದು ನಾನು ಹೇಳಲಾರೆ. 2014ರಲ್ಲಿ ಜರ್ಮನಿಯ ಸಂಶೋಧಕರು ಕರೆಗಳಲ್ಲಿ ಬೇಕೆಂದೇ ವಿಳಂಬ ಸೇರಿಸಿ ಪರೀಕ್ಷಿಸಿದಾಗ, ಕೇಳಿದವರು ಲೈನನ್ನು ದೂರುವ ಬದಲು ಆಚೆಯವರಿಗೆ ಗಮನವಿಲ್ಲ, ಸ್ನೇಹವಿಲ್ಲ ಎಂದು ತೀರ್ಮಾನಿಸುವುದು ಕಂಡುಬಂತು. ಆಳುವ ಪಂಡಿತನಿಗೂ ಅಡುಗೆಮನೆಯ ನಮಗೂ ಕಿವಿ ಒಂದೇ ರೀತಿ ಮೋಸ ಮಾಡುತ್ತದೆ.

ಹಿಂದೆ ಎಷ್ಟು ಮನೆಗಳಲ್ಲಿ ಆ ಅರ್ಧ ಸೆಕೆಂಡಿನ ಮೌನ ಮುನಿಸಾಗಿ ಬೆಳೆಯಿತೋ, ಅದಕ್ಕೆ ಯಾವ ನೋಟ್‌ಬುಕ್ಕೂ ಇಲ್ಲ. ಇಂದು ಮಗಳೋ ಸೊಸೆಯೋ ಬಾಗಿಲು ಮುಚ್ಚಿಕೊಂಡು 'ಕೇಳಿಸ್ತಿದೆಯಾ?' ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ, ಅವಳು ಸೋತಳೆಂದು ತಿಳಿಯಬೇಡಿ. ಒಂದು ಪುಸ್ತಕ, ಒಂದು ಪೆನ್ಸಿಲು ಕೊಡಿ. ಆ ಹೊತ್ತಿಗೆ ಮನೆಯ ಟಿ.ವಿ. ಸಿನಿಮಾ ನಿಲ್ಲಿಸಿ. ದನಿಯನ್ನು ತೂಗುವ ಮೊದಲು ಅದು ನಡೆದುಬಂದ ದಾರಿಯನ್ನು ನೋಡುವುದು ನ್ಯಾಯ.