ಸರಕಿಲ್ಲದ ವರ್ತಕ: ಷಿಕಾಗೋ ನಗರದ ಅಂಚೆ ವ್ಯಾಪಾರದಲ್ಲಿ ಗಿರಾಕಿಯ ಶೋಧ ಮತ್ತು ಜಾಹೀರಾತು (1872–1913)

ತನ್ನ ಬಳಿ ಸರಕನ್ನು ಸಂಗ್ರಹಿಸಿಟ್ಟುಕೊಳ್ಳದೆ, ಗಿರಾಕಿಯಿಂದ ಬೇಡಿಕೆ ಬಂದ ಮೇಲೆ ತಯಾರಕನಿಂದಲೇ ವಸ್ತುವನ್ನು ನೇರವಾಗಿ ಆತನ ಮನೆಗೆ ಕಳುಹಿಸುವ ವ್ಯಾಪಾರಕ್ಕೆ ಈಗ ಡ್ರಾಪ್‌ಶಿಪ್ಪಿಂಗ್ ಎಂಬ ಹೆಸರು ರೂಢಿಯಲ್ಲಿದೆ. ಇದರಲ್ಲಿ ವರ್ತಕನು ಸ್ವತಃ ಮಾಡುವ ಕೆಲಸಗಳು ಎರಡೇ: ಯಾರಿಗೆ ಯಾವ ವಸ್ತು ಬೇಕಾಗಿದೆಯೆಂಬುದನ್ನು ಅರಿಯುವುದು, ಆ ವಸ್ತು ಅವರ ಕಣ್ಣಿಗೆ ಬೀಳುವಂತೆ ಜಾಹೀರಾತು ಮಾಡುವುದು. ಉಳಿದುದೆಲ್ಲವೂ ಅನ್ಯರ ಹೊಣೆ. ಈ ಪದ್ಧತಿಯು ಅಂತರ್ಜಾಲದೊಡನೆಯೇ ಜನ್ಮ ತಾಳಿತೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. ಆದರೆ ಡ್ರಾಪ್ ಶಿಪ್ಪರ್ ಎಂಬ ಮಾತೇ ಅಮೆರಿಕದ ಸಗಟು ವ್ಯಾಪಾರದಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳಕೆಯಲ್ಲಿದ್ದುದು. ಕಲ್ಲಿದ್ದಲು, ಮರಮುಟ್ಟು ಮೊದಲಾದ ಭಾರದ ಸರಕುಗಳನ್ನು ತನ್ನ ಅಂಗಳಕ್ಕೆ ತರಿಸದೆ, ಗಣಿಯಿಂದಲೋ ಕಾರ್ಖಾನೆಯಿಂದಲೋ ಕೊಳ್ಳುವವನಿಗೆ ರೈಲಿನ ಮೂಲಕ ನೇರವಾಗಿ ಕಳುಹಿಸಿ, ಮೇಜಿನ ಮುಂದೆ ಕುಳಿತೇ ಲಾಭ ಪಡೆಯುತ್ತಿದ್ದವನಿಗೆ ಆ ಹೆಸರಿತ್ತು.

ಈ ಪದ್ಧತಿಯು ಸಾಮಾನ್ಯ ಗೃಹಸ್ಥನ ಮನೆಬಾಗಿಲನ್ನು ಮುಟ್ಟಬೇಕಾದರೆ ರೈಲು, ಅಂಚೆ, ಅಗ್ಗದ ಪತ್ರಿಕೆ ಈ ಮೂರೂ ಒಂದೆಡೆ ಕೂಡಬೇಕಾಗಿದ್ದಿತು. ಅವು ಮೊದಲು ಕೂಡಿದುದು ಷಿಕಾಗೋ ನಗರದಲ್ಲಿ. ಅಲ್ಲಿನ ಅಂಚೆ ವ್ಯಾಪಾರದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅದರ ಬೃಹತ್ ಉಗ್ರಾಣಗಳನ್ನೂ ಕ್ಯಾಟಲಾಗುಗಳನ್ನೂ ವರ್ಣಿಸುವುದುಂಟು. ನಮ್ಮ ದೃಷ್ಟಿಯಲ್ಲಿ ಉಗ್ರಾಣವು ಆ ವ್ಯಾಪಾರದ ಮೂಲವಲ್ಲ, ಫಲ. ಅದರ ಮೂಲ ಬಂಡವಾಳವು ಗಿರಾಕಿಗಳ ಹೆಸರು ವಿಳಾಸಗಳು, ಮತ್ತು ಅವರ ಬಗೆಗಿನ ತಿಳಿವಳಿಕೆ. ಸರಕಿಲ್ಲದೆ ಆರಂಭವಾದ ಆ ವ್ಯಾಪಾರವು ಗೆಲ್ಲತೊಡಗಿದೊಡನೆ ಸರಕಿನ ಕಡೆಗೆ ಏಕೆ ಎಳೆಯಲ್ಪಟ್ಟಿತೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸುತ್ತೇವೆ.

ಅಮೆರಿಕದ ಅಂತರ್ಯುದ್ಧವು 1865ರಲ್ಲಿ ಮುಗಿದ ಬಳಿಕ ಮಧ್ಯಪಶ್ಚಿಮದ ಒಕ್ಕಲಿಗರು ರೈಲು ಹಾದಿಯ ಇಕ್ಕೆಲಗಳಲ್ಲಿ ದೂರ ದೂರ ನೆಲೆಸಿದರು. ಹಳ್ಳಿಗೊಂದೇ ಅಂಗಡಿ, ಅಂಗಡಿಯವನು ಹೇಳಿದುದೇ ಬೆಲೆ, ಸುಗ್ಗಿಯವರೆಗೆ ಆತನ ಪುಸ್ತಕದಲ್ಲಿ ಸಾಲ. ನಮ್ಮ ನಾಡಿನ ಹಳ್ಳಿಗಳನ್ನು ಕಂಡವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ದಲ್ಲಾಳಿತನಕ್ಕೆ ಬೇಸತ್ತ ರೈತರು 1867ರಲ್ಲಿ ಸ್ಥಾಪಿತವಾದ ಗ್ರೇಂಜ್ ಎಂಬ ಸಂಘವನ್ನು ಸೇರತೊಡಗಿದರು. ಆರನ್ ಮಾಂಟ್‌ಗೊಮೆರಿ ವಾರ್ಡ್ ಎಂಬ ಸಂಚಾರಿ ಮಾರಾಟಗಾರನು ಹಳ್ಳಿಗಳಲ್ಲಿ ತಿರುಗಾಡುತ್ತ ಈ ಅಸಮಾಧಾನವನ್ನು ಕಿವಿಯಾರೆ ಕೇಳಿದವನು. 1871ರ ಷಿಕಾಗೋ ಮಹಾಗ್ನಿಯಲ್ಲಿ ಆತನು ಕೂಡಿಟ್ಟಿದ್ದ ಮೊದಲ ಸರಕು ಬೂದಿಯಾಯಿತು. ಮರುವರ್ಷವೇ ಆತನು 163 ವಸ್ತುಗಳ ಬೆಲೆಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಗ್ರೇಂಜಿನ ಸದಸ್ಯರಿಗೆ ಕಳುಹಿಸಿದನು. ಇಲ್ಲಿ ಗಮನಾರ್ಹವಾದುದು ವಸ್ತುಗಳ ಆಯ್ಕೆಯಲ್ಲ, ಓದುವವರ ಆಯ್ಕೆ. ಆತನು ಗಿರಾಕಿಗಳನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಒಂದೇ ದೂರನ್ನಿಟ್ಟುಕೊಂಡು ತಾವಾಗಿಯೇ ಸಂಘಟಿತರಾಗಿದ್ದ ಜನರ ಮುಂದೆ ಆ ದೂರಿಗೆ ಉತ್ತರವನ್ನಿಟ್ಟನು.

ಕಾಣದ ವರ್ತಕನ ಮೇಲೆ ಸಂಶಯವೂ ಕೂಡಲೇ ಹುಟ್ಟಿತು. 1873ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯು ವಾರ್ಡನ ಸಂಸ್ಥೆಯು ಮೋಸದ್ದೆಂದು ರೈತರನ್ನು ಎಚ್ಚರಿಸಿತು. ಬೆಲೆ ನಂಬಲಾರದಷ್ಟು ಕಡಿಮೆ, ವರ್ತಕನು ಯಾರ ಕಣ್ಣಿಗೂ ಬೀಳನು, ಆತನಿಗಿರುವ ನೆಲೆ ಅಂಚೆ ಪೆಟ್ಟಿಗೆಯೊಂದೇ ಎಂಬುದು ಆಕ್ಷೇಪಣೆಯ ಸಾರ. ನಿಜಸ್ಥಿತಿ ತಿಳಿದ ಬಳಿಕ ಪತ್ರಿಕೆಯು ತನ್ನ ಮಾತನ್ನು ಹಿಂತೆಗೆದುಕೊಂಡಿತು. ಆದರೆ ಆಕ್ಷೇಪಣೆಯು ಅರ್ಥಹೀನವಾಗಿರಲಿಲ್ಲ. ಮುಖವಿಲ್ಲದ ವರ್ತಕನಿಗೆ ಹಣವನ್ನು ಮುಂಚಿತವಾಗಿ ಕಳುಹಿಸುವವನಿಗೆ ಯಾವ ಭರವಸೆ? 1875ರಲ್ಲಿ ವಾರ್ಡನು ಘೋಷಿಸಿದ, ತೃಪ್ತಿಯಾಗದಿದ್ದರೆ ಹಣ ವಾಪಸ್ಸೆಂಬ ನಿಯಮವು ಈ ಪ್ರಶ್ನೆಗೆ ಕೊಟ್ಟ ಉತ್ತರವೆಂದೇ ನಾವು ಗ್ರಹಿಸುತ್ತೇವೆ.

ಇನ್ನು ರಿಚರ್ಡ್ ಸಿಯರ್ಸನ ವೃತ್ತಾಂತ. 1863ರಲ್ಲಿ ಮಿನೆಸೋಟ ಪ್ರಾಂತದಲ್ಲಿ ಹುಟ್ಟಿದ ಈತನು 1886ರಲ್ಲಿ ಅಲ್ಲಿಯೇ ನಾರ್ತ್ ರೆಡ್‌ವುಡ್ ಎಂಬ ಸಣ್ಣ ಊರಿನ ಸ್ಟೇಷನ್ ಮಾಸ್ತರನಾಗಿದ್ದನು. ಷಿಕಾಗೋದ ಸಗಟು ವ್ಯಾಪಾರಿಯೊಬ್ಬನು ಊರಿನ ಅಕ್ಕಸಾಲಿಗನಿಗೆ ಕಳುಹಿಸಿದ ಗಡಿಯಾರಗಳ ಕಟ್ಟನ್ನು ಆತನು ಸ್ವೀಕರಿಸದೆ ಹೋದುದರಿಂದ ಅದು ಸ್ಟೇಷನ್ನಿನಲ್ಲಿಯೇ ಉಳಿಯಿತು. ಸಿಯರ್ಸನು ಒಂದೊಂದಕ್ಕೆ 12 ಡಾಲರಿನಂತೆ ಒಪ್ಪಿಕೊಂಡು, ಅದೇ ಹಾದಿಯ ಇತರ ಸ್ಟೇಷನ್ ಮಾಸ್ತರರಿಗೆ 14 ಡಾಲರಿಗೆ ಮಾರಿದನು. ಆ ಮಾಸ್ತರರು ಇನ್ನೂ ಹೆಚ್ಚಿನ ಬೆಲೆಗೆ ತಮ್ಮ ಊರಿನವರಿಗೆ ಮಾರಿಕೊಂಡರು. ಈ ಕಥೆಯನ್ನು ಅದೃಷ್ಟದ ಕಥೆಯಾಗಿ ಹೇಳುವುದು ವಾಡಿಕೆ. ಆದರೆ 1883ರ ನವೆಂಬರಿನಲ್ಲಿ ಅಮೆರಿಕದ ರೈಲು ಸಂಸ್ಥೆಗಳು ಏಕರೂಪದ ಕಾಲಮಾನವನ್ನು ಜಾರಿಗೆ ತಂದಿದ್ದವೆಂಬುದನ್ನು ನೆನೆದರೆ, ಊರೂರಿನಲ್ಲಿಯೂ ಸರಿಯಾದ ಗಡಿಯಾರದ ಅಗತ್ಯವನ್ನು ಮೊದಲು ಕಂಡವನು ಸ್ಟೇಷನ್ ಮಾಸ್ತರನಲ್ಲದೆ ಮತ್ತಾರು? ಸಿಯರ್ಸನಿಗೆ ಆ ಜನರ ಗುರುತಿತ್ತು, ಅವರ ಅಗತ್ಯವೂ ತಿಳಿದಿತ್ತು. ಆತನದಾಗಿ ಇಲ್ಲದಿದ್ದುದು ಸರಕು ಮಾತ್ರ. ಅದೇ ವರ್ಷ ಆತನು ಕೆಲಸ ಬಿಟ್ಟು ಮಿನಿಯಾಪೊಲಿಸ್ಸಿನಲ್ಲಿ ಗಡಿಯಾರದ ವ್ಯಾಪಾರವನ್ನು ತೆರೆದು, 1887ರಲ್ಲಿ ಷಿಕಾಗೋಗೆ ಬಂದು, ಆಲ್ವಾ ರೋಬಕ್ ಎಂಬ ಗಡಿಯಾರ ರಿಪೇರಿಯವನನ್ನು ಜೊತೆಗೂಡಿಸಿಕೊಂಡನು. 1893ರಲ್ಲಿ ಸಿಯರ್ಸ್ ರೋಬಕ್ ಎಂಬ ಹೆಸರು ಸ್ಥಿರವಾಯಿತು.

ಸಿಯರ್ಸನ ನಿಜವಾದ ಪ್ರತಿಭೆ ಜಾಹೀರಾತಿನಲ್ಲಿದ್ದಿತು. 1885ರಲ್ಲಿ ಅಮೆರಿಕದ ಸರಕಾರವು ಪತ್ರಿಕೆಗಳ ಅಂಚೆ ದರವನ್ನು ಪೌಂಡಿಗೆ ಒಂದು ಸೆಂಟಿಗೆ ಇಳಿಸಿದುದರಿಂದ, ಓದುಗರಿಗಾಗಿ ಅಲ್ಲ, ಜಾಹೀರಾತುಗಳಿಗಾಗಿಯೇ ಬದುಕಿದ್ದ ಅಗ್ಗದ ಮಾಸಪತ್ರಿಕೆಗಳು ಹಳ್ಳಿಗಳನ್ನು ತುಂಬಿದವು. ಮೇಯ್ನ್ ಪ್ರಾಂತದ ಅಗಸ್ಟಾ ಪಟ್ಟಣದಿಂದ 1888ರಿಂದ ಹೊರಟ ಕಂಫರ್ಟ್ ಎಂಬ ಪತ್ರಿಕೆಯ ಪ್ರಸಾರವು ಹತ್ತು ಲಕ್ಷವನ್ನು ದಾಟಿತು. ಇಂಥ ಪತ್ರಿಕೆಗಳಲ್ಲಿ ಜಾಹೀರಾತು ಕೊಡುವ ವರ್ತಕರು ಸರಳವಾದ ಒಂದು ಉಪಾಯವನ್ನು ರೂಢಿಸಿಕೊಂಡಿದ್ದರು. ಒಂದೊಂದು ಪತ್ರಿಕೆಯಲ್ಲಿಯೂ ವಿಳಾಸದೊಡನೆ ಬೇರೆ ಬೇರೆ ವಿಭಾಗದ ಸಂಖ್ಯೆಯನ್ನೋ ಅಕ್ಷರವನ್ನೋ ಸೇರಿಸುವುದು; ಬಂದ ಕಾಗದಗಳಲ್ಲಿ ಆ ಗುರುತನ್ನು ಎಣಿಸಿ, ಯಾವ ಪತ್ರಿಕೆಯ ಯಾವ ಜಾಹೀರಾತು ತನ್ನ ಖರ್ಚನ್ನು ಹುಟ್ಟಿಸಿತೆಂದು ಲೆಕ್ಕ ಹಾಕುವುದು. ಲಾಭ ತಾರದುದನ್ನು ನಿಲ್ಲಿಸುವುದು, ತಂದುದಕ್ಕೆ ಮತ್ತಷ್ಟು ಹಣ ಸುರಿಯುವುದು. ಕ್ಲಾಡ್ ಹಾಪ್ಕಿನ್ಸನು 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜಾಹೀರಾತಿಗೆ ವೈಜ್ಞಾನಿಕ ಎಂಬ ವಿಶೇಷಣವನ್ನು ಕೊಟ್ಟುದು ಈ ಅಂಚೆ ವರ್ತಕರ ಎಣಿಕೆಯ ಆಧಾರದ ಮೇಲೆಯೇ. ಇಂದಿನ ವರ್ತಕನು ಗಣಕಯಂತ್ರದ ಪರದೆಯ ಮೇಲೆ ನೋಡುವ ಅಂಕಿಗಳು ವೇಗದಲ್ಲಿ ಬೇರೆಯಾಗಿರಬಹುದು, ಜಾತಿಯಲ್ಲಿ ಬೇರೆಯಲ್ಲ.

ಆದರೆ ಜಾಹೀರಾತು ಗೆದ್ದಷ್ಟೂ ಸಂಕಟ ಬೆಳೆಯಿತು. ಸಿಯರ್ಸನು ಉಡುಪುಗಳು ಕೈಸೇರುವ ಮೊದಲೇ ಅವುಗಳ ಜಾಹೀರಾತನ್ನು ಹೊರಡಿಸಿ, ಬೇಡಿಕೆಗಳು ಬಂದು ಬಿದ್ದ ಮೇಲೆ ಸರಕಿಗಾಗಿ ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ಉಡುಪು ತಯಾರಕನಲ್ಲಿಗೆ ಓಡುತ್ತಿದ್ದನೆಂದು ಹೇಳಲಾಗಿದೆ. ಕಾಗದಗಳು ಕಚೇರಿಯಲ್ಲಿ ರಾಶಿ ಬೀಳುವುದು, ಸರಕು ತಡವಾಗುವುದು, ಬೇಡದ ವಸ್ತು ಬರುವುದು, ಬಂದುದು ಹಿಂದಿರುಗುವುದು ಇವು ನಿತ್ಯದ ಮಾತಾದವು. ಈ ಧಾವಂತವನ್ನು ತಾಳಲಾರದೆ ರೋಬಕನು 1895ರಲ್ಲಿ ತನ್ನ ಪಾಲನ್ನು 25,000 ಡಾಲರುಗಳಿಗೆ ಬಿಟ್ಟುಕೊಟ್ಟನು. ಆತನಿಗೆ ವ್ಯಾಪಾರದ ದೃಷ್ಟಿ ಸಾಲದೆಂದು ಹಾಸ್ಯ ಮಾಡಿದವರುಂಟು. ಈ ಹಾಸ್ಯವನ್ನು ನಾವು ಒಪ್ಪಲಾರೆವು. ಇತರರು ಪೂರೈಸಬೇಕಾದ ಮಾತನ್ನು ತನ್ನ ಹೆಸರಿನಲ್ಲಿ ಕೊಡುತ್ತ ಹೋಗುವವನ ಭಯವು ಸಕಾರಣವಾದುದೇ. ಅದೇ ವರ್ಷ ರೋಸೆನ್‌ವಾಲ್ಡನು ತನ್ನ ಭಾವನಾದ ಆರನ್ ನುಸ್‌ಬಾಮನೊಡನೆ ಪಾಲುದಾರನಾಗಿ ಬಂದನು. ಮಾತು ಕೊಡುವವನೊಬ್ಬ, ಮಾತು ನಡೆಸುವವನೊಬ್ಬ ಎಂಬ ವಿಭಾಗವು ಅಂದಿನಿಂದ ಏರ್ಪಟ್ಟಿತು.

ಗಿರಾಕಿಯ ಶೋಧವು ತನ್ನ ಪರಾಕಾಷ್ಠೆಯನ್ನು ಮುಟ್ಟಿದುದು 1905ರಲ್ಲಿ, ಅಯೊವಾ ಪ್ರಾಂತದಲ್ಲಿ. ಸಿಯರ್ಸನು ಅಲ್ಲಿನ ತನ್ನ ಒಳ್ಳೆಯ ಗಿರಾಕಿಗಳಿಗೆ ಕಾಗದ ಬರೆದು, ಒಬ್ಬೊಬ್ಬರೂ 24 ಕ್ಯಾಟಲಾಗುಗಳನ್ನು ತಮ್ಮ ಬಂಧುಮಿತ್ರರಿಗೂ ನೆರೆಹೊರೆಯವರಿಗೂ ಹಂಚಬೇಕೆಂದು ಕೇಳಿಕೊಂಡನು. ಹಂಚಿದವರು ಪಡೆದವರ ಹೆಸರುಗಳನ್ನು ಷಿಕಾಗೋಗೆ ಕಳುಹಿಸಬೇಕು. ಆ ನೆರೆಯವರು ಮುಂದೆ ಏನನ್ನಾದರೂ ಕೊಂಡರೆ, ಕೊಂಡ ಮೊತ್ತಕ್ಕೆ ತಕ್ಕಂತೆ ಹಂಚಿದವರಿಗೆ ಒಲೆ, ಬೈಸಿಕಲ್, ಹೊಲಿಗೆಯಂತ್ರ ಮೊದಲಾದ ಬಹುಮಾನ. ಯೋಜನೆಯು ಸಫಲವಾಗಿ ಇತರ ಪ್ರಾಂತಗಳಿಗೂ ವಿಸ್ತರಿಸಿತು. ಇದರ ಸೂಕ್ಷ್ಮವನ್ನು ನಾವು ಗ್ರಹಿಸಬೇಕು. ಒಳ್ಳೆಯ ಗಿರಾಕಿಯ ನೆರೆಯವನೂ ಬಹುಮಟ್ಟಿಗೆ ಅದೇ ಸ್ಥಿತಿಯವನು, ಅದೇ ಅಗತ್ಯಗಳುಳ್ಳವನು; ಹಾಗೂ ಹಣ ತೆಗೆದುಕೊಂಡು ಸರಕು ಕಳುಹಿಸದೆ ಹೋದಾರೆಂಬ ಆತನ ಅಂಜಿಕೆಯನ್ನು ನೆರೆಯವಳ ಅಡಿಗೆಮನೆಯ ಒಲೆಯು ಯಾವ ಜಾಹೀರಾತಿಗಿಂತಲೂ ಚೆನ್ನಾಗಿ ಕಳೆಯುತ್ತದೆ. ಆದರೆ ಅದೇ ಗಳಿಗೆಯಲ್ಲಿ ನೆರೆಹೊರೆಯೆಂಬ ಸಂಬಂಧವು ಹೆಸರುಗಳ ಪಟ್ಟಿಯಾಗಿ ಮಾರ್ಪಟ್ಟು ಒಂದು ವ್ಯಾಪಾರಿ ಸಂಸ್ಥೆಯ ಸ್ವತ್ತಾಯಿತು. ತಮ್ಮ ಹೆಸರು ಷಿಕಾಗೋದ ಕಪಾಟನ್ನು ಸೇರಿತೆಂದು ಆ 24 ಮಂದಿಯನ್ನು ಯಾರೂ ಕೇಳಿರಲಿಲ್ಲ. 2013ರಲ್ಲಿ ಫೇಸ್‌ಬುಕ್ ಸಂಸ್ಥೆಯು ಈಗಿರುವ ಗಿರಾಕಿಗಳನ್ನು ಹೋಲುವ ಜನರನ್ನು ಹುಡುಕಿಕೊಡುವ ಏರ್ಪಾಟನ್ನು ಜಾಹೀರಾತುದಾರರಿಗೆ ಒದಗಿಸಿದಾಗ, ಅಯೊವಾದ ಗೃಹಿಣಿಯ ಸ್ಥಾನದಲ್ಲಿ ಗಣಕಯಂತ್ರವು ಬಂದು ಕುಳಿತಿತು. ಬಹುಮಾನದ ಒಲೆಯ ಖರ್ಚೂ ಉಳಿಯಿತು.

1906ರಲ್ಲಿ ಹೋಮನ್ ರಸ್ತೆಯಲ್ಲಿ ಸುಮಾರು 40 ಎಕರೆಗಳ ಹೊಸ ಉಗ್ರಾಣವು ಸಿದ್ಧವಾಯಿತು. ಆಟೋ ಡೋರಿಂಗ್ ಎಂಬ ಅಧಿಕಾರಿಯು ಅಲ್ಲಿ ಒಂದೊಂದು ಬೇಡಿಕೆಗೂ 15 ನಿಮಿಷಗಳ ಅವಧಿಯನ್ನು ಗೊತ್ತುಪಡಿಸಿ, ಆ ಅವಧಿಯೊಳಗೆ ಎಲ್ಲ ವಿಭಾಗಗಳಿಂದಲೂ ವಸ್ತುಗಳು ಬಂದು ಸೇರುವಂತೆ ಮಾಡಿದನು. ಒಲೆಗಳಂತಹ ಭಾರದ ವಸ್ತುಗಳು ಮಾತ್ರ ಕಾರ್ಖಾನೆಯಿಂದಲೇ ನೇರವಾಗಿ ಗಿರಾಕಿಯ ಸ್ಟೇಷನ್ನಿಗೆ ಹೋಗುತ್ತಿದ್ದವು. ಸರಕಿಲ್ಲದೆ ಆರಂಭಿಸಿದವನು ಇಷ್ಟು ಸರಕಿನ ಒಡೆಯನಾದುದೇಕೆ? ಅನ್ಯರ ಕೈಯಲ್ಲಿರುವ ಸರಕಿನ ಗುಣವನ್ನೂ ವೇಳೆಯನ್ನೂ ವರ್ತಕನು ಆಳಲಾರನು. ಗಿರಾಕಿಯಾದರೋ ತಯಾರಕನನ್ನು ದೂರದೆ, ಜಾಹೀರಾತಿನಲ್ಲಿರುವ ಹೆಸರನ್ನೇ ದೂರುತ್ತಾನೆ. ಒಮ್ಮೆ ಮೋಸಹೋದ ಗಿರಾಕಿಯ ವಿಳಾಸವು ಪಟ್ಟಿಯಲ್ಲಿದ್ದೂ ಇಲ್ಲದಂತೆಯೇ. ಆದುದರಿಂದ ಪಟ್ಟಿಯ ಬೆಲೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಉಗ್ರಾಣವನ್ನು ಕಟ್ಟಬೇಕಾಯಿತು. 1907ರ ಹಣದ ಮುಗ್ಗಟ್ಟಿನಲ್ಲಿ ಬೇಡಿಕೆ ಕುಸಿದಾಗ ಸಿಯರ್ಸನು ಜಾಹೀರಾತನ್ನು ಹೆಚ್ಚಿಸಬೇಕೆಂದನು, ರೋಸೆನ್‌ವಾಲ್ಡನು ಖರ್ಚನ್ನು ಇಳಿಸಬೇಕೆಂದನು. 1908ರಲ್ಲಿ ಸಿಯರ್ಸನು ಅಧ್ಯಕ್ಷಪದವಿಯನ್ನು ಬಿಟ್ಟು ಹೊರಟುಹೋದನು. 1913ರ ಜನವರಿ 1ರಂದು ಸರಕಾರದ ಪಾರ್ಸೆಲ್ ಅಂಚೆಯು ಆರಂಭವಾಗಿ ಈ ವ್ಯಾಪಾರಕ್ಕೆ ಹೊಸ ಹೆಬ್ಬಾಗಿಲು ತೆರೆಯುವ ವೇಳೆಗೆ ಸಂಸ್ಥೆಯು ಸಂಪೂರ್ಣವಾಗಿ ಉಗ್ರಾಣದವರ ಕೈಯಲ್ಲಿತ್ತು.

ವಸ್ತುವನ್ನು ಕೊಟ್ಟು ಹಣ ವಸೂಲು ಮಾಡುವ ಏರ್ಪಾಟನ್ನು ಅಮೆರಿಕದ ಅಂಚೆಯು ಅದೇ 1913ರಲ್ಲಿ ಜಾರಿಗೆ ತಂದಿತು. ಭಾರತದಲ್ಲಿಯಾದರೋ ವಿ. ಪಿ. ಪದ್ಧತಿಯು 1877ರಷ್ಟು ಹಿಂದೆಯೇ ಆರಂಭವಾಗಿದ್ದಿತು. ನಮ್ಮಲ್ಲಿ ಅಪನಂಬಿಕೆಯ ಭಾರವು ಹೀಗೆ ಮೊದಲಿನಿಂದಲೂ ಮಾರುವವನ ಹೆಗಲಿಗೇ ಬಿದ್ದುದು ಗಮನಾರ್ಹ. ಅಂಚೆಯವನು ತಂದ ಕಟ್ಟನ್ನು ಬೇಡವೆಂದರೆ ಹೋಗುವ ಬರುವ ಖರ್ಚೆಲ್ಲ ವರ್ತಕನದೇ. ಇಂದಿನ ಕ್ಯಾಷ್ ಆನ್ ಡೆಲಿವರಿ ವ್ಯಾಪಾರದಲ್ಲಿ ಹಿಂದಿರುಗಿ ಬರುವ ಕಟ್ಟುಗಳು ಅದೇ ವಂಶದವು. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೀಶೋ ಸಂಸ್ಥೆಯು ಮೊದಲ ವರ್ಷಗಳಲ್ಲಿ ಹಿಡಿದ ಹಾದಿಯು ಅಯೊವಾದ ಯೋಜನೆಯನ್ನು ನೆನಪಿಗೆ ತರುತ್ತದೆ. ಗೃಹಿಣಿಯರು ಸೀರೆ, ಕುರ್ತಿಗಳ ಚಿತ್ರಗಳನ್ನು ವಾಟ್ಸಾಪಿನಲ್ಲಿ ನೆಂಟರಿಷ್ಟರಿಗೆ ಕಳುಹಿಸಿ, ತಮ್ಮ ಲಾಭವನ್ನು ಸೇರಿಸಿ ಬೆಲೆ ಹೇಳುತ್ತಿದ್ದರು. ಸರಕು ತಯಾರಕನಿಂದ ನೇರವಾಗಿ ಹೋಗುತ್ತಿದ್ದಿತು. ಮುಂದೆ ಸಂಸ್ಥೆಯು ಗಿರಾಕಿಗಳಿಗೆ ತಾನೇ ನೇರವಾಗಿ ಮಾರತೊಡಗಿತು.

ಅಂಚೆಯ ದರವೂ ಸುಂಕದ ಕಾನೂನೂ ಈ ವ್ಯಾಪಾರದ ಉಸಿರೆಂಬುದಕ್ಕೆ ಈಚಿನ ನಿದರ್ಶನವೊಂದಿದೆ. ಅಮೆರಿಕದ ಸರಕಾರವು ಹೊರನಾಡಿನಿಂದ ಬರುವ ಸಣ್ಣ ಕಟ್ಟುಗಳ ಸುಂಕರಹಿತ ಮಿತಿಯನ್ನು 2016ರಲ್ಲಿ 200 ಡಾಲರುಗಳಿಂದ 800 ಡಾಲರುಗಳಿಗೆ ಏರಿಸಿತು. ಚೀನದ ತಯಾರಕರಿಂದ ನೇರವಾಗಿ ಸರಕು ಕಳುಹಿಸುತ್ತಿದ್ದ ವರ್ತಕರ ಬೆಲೆಗಳು ಬಹುಮಟ್ಟಿಗೆ ಇದನ್ನೇ ನೆಚ್ಚಿದ್ದವು. 2025ರ ಮೇ ತಿಂಗಳಲ್ಲಿ ಚೀನದ ಸರಕಿಗೂ ಆಗಸ್ಟಿನಲ್ಲಿ ಇತರ ದೇಶಗಳ ಸರಕಿಗೂ ಈ ವಿನಾಯಿತಿಯನ್ನು ತೆಗೆದುಹಾಕಲಾಯಿತು.

ಕನ್ನಡನಾಡಿನ ವಿ. ಪಿ. ವ್ಯಾಪಾರವು ಪ್ರತ್ಯೇಕವಾದ ಅಧ್ಯಯನಕ್ಕೆ ಅರ್ಹವಾಗಿದೆ. ಔಷಧ, ಗಡಿಯಾರ, ಪುಸ್ತಕಗಳ ಜಾಹೀರಾತುಗಳು ಹಳೆಯ ಪತ್ರಿಕೆಗಳ ರಕ್ಷಾಪುಟಗಳಲ್ಲಿಯೂ ಪಂಚಾಂಗಗಳ ಕೊನೆಯ ಹಾಳೆಗಳಲ್ಲಿಯೂ ಇವೆ. ಹಲವು ಗ್ರಂಥಾಲಯಗಳಲ್ಲಿ ಸಂಪುಟಗಳನ್ನು ಬೈಂಡು ಮಾಡಿಸುವಾಗ ಈ ಪುಟಗಳನ್ನೇ ಕಿತ್ತುಹಾಕಿರುವುದರಿಂದ, ಈ ವಿಷಯವನ್ನು ಕೈಗೊಳ್ಳುವ ವಿದ್ಯಾರ್ಥಿಯು ಬೈಂಡಾಗದೆ ಮನೆಗಳ ಅಟ್ಟಗಳಲ್ಲಿ ಉಳಿದಿರುವ ಬಿಡಿ ಸಂಚಿಕೆಗಳನ್ನು ಹುಡುಕಬೇಕು. ದೊರೆತ ಜಾಹೀರಾತುಗಳಲ್ಲಿ ವಿಳಾಸದ ಕೆಳಗಿರುವ ವಿಭಾಗದ ಸಂಖ್ಯೆಯನ್ನು ಬಿಡದೆ ಗುರುತು ಹಾಕಿಕೊಳ್ಳಬೇಕು.