ಜೋಳದ ಮೇಲಣ ಒಂದು ಆರೋಪ

‘ಜೋಳ ತಿಂದವ ತೋಳ’ ಎಂಬುದು ನಮ್ಮ ಹಳೆಯ ಗಾದೆ. ರಾಮದುರ್ಗ ತಾಲ್ಲೂಕಿನ ಕಟಕೋಳದವರಿಗಾಗಲಿ, ಸವದತ್ತಿ ಬೈಲಹೊಂಗಲದ ಕಡೆಯವರಿಗಾಗಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೊಟ್ಟಿಯಿಲ್ಲದ ಊಟವನ್ನು ಆ ಸೀಮೆಯವರು ಊಟವೆಂದೇ ಎಣಿಸರು. ಇಂಥ ಧಾನ್ಯದ ಮೇಲೂ ಒಮ್ಮೆ ರೋಗದ ಆರೋಪ ಬಂದಿತ್ತೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ರೋಗದ ಹೆಸರು ಪೆಲಾಗ್ರ. ಬಿಸಿಲು ತಾಗುವ ಕತ್ತು, ಕೈ, ಕಾಲುಗಳ ಚರ್ಮ ಕಪ್ಪಾಗಿ ಬಿರಿಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿಯೂ ಕದಡುತ್ತದೆ. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ 1735ರಲ್ಲಿಯೇ ಇದನ್ನು ಗುರುತಿಸಿದ್ದನು. ಮೆಕ್ಕೆಜೋಳವನ್ನೇ ನೆಚ್ಚಿ ಬದುಕುವ ಬಡವರಲ್ಲಿ ಇದು ಹೆಚ್ಚು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಇದು ಹಬ್ಬಿದಾಗ ಅಂಟುರೋಗವೆಂದೇ ಹಲವರು ನಂಬಿದರು. ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ 1915ರಲ್ಲಿ, ಬಿಡುಗಡೆಯ ಭರವಸೆಯ ಮೇಲೆ ಒಪ್ಪಿದ ಕೈದಿಗಳಿಗೆ ಬಡವರ ಆಹಾರವನ್ನೇ ಉಣಿಸಿ, ಅವರಲ್ಲಿ ರೋಗ ತಲೆದೋರುವುದನ್ನು ತೋರಿಸಿದರು. ಮರುವರ್ಷ ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು; ರೋಗ ಅಂಟಲಿಲ್ಲ. ನಾಯಿಗಳಿಗೆ ಬರುವ ‘ಕಪ್ಪುನಾಲಿಗೆ’ಯೂ ಇದೇ ಜಾತಿಯ ರೋಗ. 1937ರಲ್ಲಿ ಕಾನ್ರಾಡ್ ಎಲ್ವೆಯೆಮ್ ಅದನ್ನು ನಿಕೋಟಿನಿಕ್ ಆಮ್ಲದಿಂದ ಗುಣಪಡಿಸಿದ ಮೇಲೆ ಕೊರತೆಯೇನೆಂಬುದು ತಿಳಿಯಿತು. ಅದೇ ಇಂದಿನ ನಿಯಾಸಿನ್ ಎಂಬ ಜೀವಸತ್ತ್ವ.

ಆಹಾರದಲ್ಲಿನ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದಲೂ ದೇಹವು ಈ ಸತ್ತ್ವವನ್ನು ತಯಾರಿಸಿಕೊಳ್ಳುತ್ತದೆ. ಸುಮಾರು 60 ಮಿಲಿಗ್ರಾಮಿಗೆ 1 ಮಿಲಿಗ್ರಾಮಿನಂತೆ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ತೀರ ಕಡಮೆ. ನಮ್ಮ ಜೋಳದಲ್ಲಿ ಅಷ್ಟು ಕಡಮೆಯಿಲ್ಲ. ನಿಯಾಸಿನ್ನಂತೂ ಬಿಳಿಯ ಅಕ್ಕಿಗಿಂತ ಹೆಚ್ಚೇ ಇದೆ. ಆದರೂ ದಖ್ಖನ್ನಿನಲ್ಲಿ ಜೋಳವನ್ನೇ ಉಣ್ಣುವ ಬಡವರಿಗೆ ಪೆಲಾಗ್ರ ಬರುತ್ತಿತ್ತು. ಏಕೆ?

1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದ ಪೋಷಣ ಸಂಶೋಧನಾಲಯ ಈ ಒಗಟನ್ನು ಕೈಗೆತ್ತಿಕೊಂಡಿತು. ಜೋಳದಲ್ಲಿ ಲ್ಯೂಸಿನ್ ಎಂಬ ಮತ್ತೊಂದು ಅಮೈನೊ ಆಮ್ಲ ಅತಿಯಾಗಿದೆ. ಟ್ರಿಪ್ಟೊಫ್ಯಾನ್ ನಿಯಾಸಿನ್ ಆಗುವ ದಾರಿಯಲ್ಲಿ ಅದು ತೊಡಕಾಗುತ್ತದೆ ಎಂದು ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸೂಚಿಸಿದರು. ಜೋಳದ ಆಹಾರ ಕೊಟ್ಟ ನಾಯಿಗಳಿಗೆ ಕಪ್ಪುನಾಲಿಗೆ ಬಂದುದನ್ನು ಭವಾನಿ ಬೆಳವಾಡಿ ಮತ್ತು ಗೋಪಾಲನ್ 1965ರಲ್ಲಿ ವರದಿ ಮಾಡಿದರು.

ವಾದ ಅಲ್ಲಿಗೆ ಮುಗಿಯಲಿಲ್ಲ. ಬೇರೆ ಪ್ರಯೋಗಾಲಯಗಳಲ್ಲಿ ಎಲ್ಲ ಪ್ರಯೋಗಗಳೂ ಅದೇ ಫಲ ಕೊಡಲಿಲ್ಲ. ಲ್ಯೂಸಿನ್ ಒಂದೇ ಅಪರಾಧಿಯೆಂಬ ಮಾತನ್ನು ಹಲವರು ಒಪ್ಪಲಿಲ್ಲ. ಆದರೆ ಒಂದು ಮಾತಿನಲ್ಲಿ ಎರಡು ಪಕ್ಷಗಳಿಗೂ ಭೇದವಿಲ್ಲ. ರೊಟ್ಟಿಯೊಡನೆ ಬೇಳೆ, ಮೊಸರು, ಶೇಂಗಾ ಹಿಂಡಿ ಇದ್ದ ಮನೆಗೆ ಪೆಲಾಗ್ರ ಕಾಲಿಡದು. ಬರಿಯ ರೊಟ್ಟಿ, ಉಪ್ಪು, ಖಾರದಲ್ಲಿ ದಿನ ನೂಕುವವರನ್ನೇ ಅದು ಹುಡುಕಿ ಹಿಡಿಯುತ್ತಿತ್ತು. ಊಟದಲ್ಲಿ ನಾಲ್ಕು ಬಗೆ ಕೂಡಿದಂತೆಲ್ಲ ರೋಗವೂ ವಿರಳವಾಯಿತು.

ಹಾಗಾದರೆ ಗಾದೆ ಸುಳ್ಳೇ? ಅಲ್ಲ. ಅದು ತುಂಬಿದ ತಾಟಿನ ಮುಂದೆ ಕುಳಿತವರ ಮಾತು. ಅಣುಗಳ ಲೆಕ್ಕ ಹಾಕಿದ ವಿಜ್ಞಾನಿಗಳು ಕೊನೆಗೆ ಬಂದು ಮುಟ್ಟಿದ್ದೂ ಆ ತಾಟಿನ ಬಳಿಗೇ. ತಪ್ಪು ಕಾಳಿನದಲ್ಲ, ಕಾಳಿನ ಜೊತೆಗೆ ಬೇರೇನನ್ನೂ ಉಳಿಸದ ಬಡತನದ್ದು.